ಡೇರೆ ಕಡ್ಡಿ

ಬಿರುಬೇಸಿಗೆಯಲ್ಲಿ ಬಯಲಿಗೆ ಹೋಗಿ ಮಲಗುವುದು ಸುಖ ಎಂದು ಮೊದಲು ಹೇಳಿದ ಮಹಾನುಭಾವ ಯಾರೋ, ಕೈಗೆ ಸಿಕ್ಕರೆ ನನ್ನ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂರಿಸಿ ಮಟಮಟ ಮಧ್ಯಾಹ್ನ ಊರೆಲ್ಲ ಸುತ್ತಿಸಬೇಕು. ಶಾಲೆಯ ಮಕ್ಕಳನ್ನು ತುಂಬಿಕೊಂಡು ತಿರುಗುವ ವ್ಯಾನು ಅದು. ವರ್ಷವಿಡೀ ಅದನ್ನು ಓಡಿಸುವವಳು ನಾನು. ರಜೆಯಲ್ಲಿ ಅದಕ್ಕೂ ನನಗೂ ಒಂದಿಷ್ಟು ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ತಣ್ಣನೆಯ ನೆಲದ ಮೇಲೆ ಫ್ಯಾನಿನ ಕೆಳಗೆ ಬಿದ್ದುಕೊಳ್ಳುವುದು ಬಿಟ್ಟು, ಡೇರೆ ಹೊತ್ತುಕೊಂಡು ಕೆರೆ ದಂಡೆಗೆ ಹೋಗೋಣ ಎಂದು ಹಟ ಹಿಡಿದವಳು ನನ್ನ ತಂಗಿ. ಬೇರೆ ಯಾರು ಕೇಳಿದ್ದರೂ ತಲೆ ಕೆಟ್ಟಿದೆಯಾ ಎಂದು ಮುಖಕ್ಕೆ ಹೊಡೆದ ಹಾಗೆ ಅನ್ನುತ್ತಿದ್ದೆ. ಅವಳಿಗೆ ಅನ್ನಲಾಗಲಿಲ್ಲ.

ಅವಳ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ಧ್ವನಿ ಉಳಿಯುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ತಡ ಮಾಡಿದರೆ ಎರಡೂ ಇಲ್ಲ. ತಂಗಿಯ ಕೆಲಸವೋ, ಬಸ್ ನಿಲ್ದಾಣದಲ್ಲಿ ಗಾಜಿನ ಕೋಣೆಯೊಳಗೆ ಕೂತು ಮೈಕಿನಲ್ಲಿ ಹೇಳುವುದು: ಯಾವ ಬಸ್ಸು ಬಂತು, ಯಾವುದು ಹೊರಟಿತು, ಯಾವುದು ತಡ, ಯಾರ ಮಗು ಕಳೆದುಹೋಗಿದೆ. ಮದುವೆಗೆ ಮೊದಲಿನಿಂದಲೂ ಅದೇ ಕುರ್ಚಿ. ಅವಳ ಗಂಡ ಅವಳನ್ನು ನೋಡುವ ಮುಂಚೆ ಅವಳ ಧ್ವನಿ ಕೇಳಿದ್ದ. ಬಸ್ಸು ತಪ್ಪಿಸಿಕೊಂಡು ಬೆಂಚಿನ ಮೇಲೆ ಕೂತವನು, ಮುಂದಿನ ಬಸ್ಸನ್ನೂ ಬೇಕೆಂದೇ ತಪ್ಪಿಸಿಕೊಂಡು, ಆ ಧ್ವನಿ ಯಾರದ್ದು ಎಂದು ಕೇಳುತ್ತಾ ಹೋಗಿ ಗಾಜಿನ ಮುಂದೆ ನಿಂತನಂತೆ. ಇದನ್ನು ಅವನು ಈಗಲೂ ನಾಚಿಕೊಂಡೇ ಹೇಳುತ್ತಾನೆ.

ಆಪರೇಷನ್ ಬೇಡ ಎಂದು ಅವಳು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು. ಮಾತಾಡುತ್ತಾ ಇದ್ದಷ್ಟು ದಿನ ಇರುತ್ತೇನೆ, ಮೂಗಿಯಾಗಿ ಮೂಲೆಯಲ್ಲಿ ಕೂರುವುದಿಲ್ಲ ಎಂಬುದು ಅವಳ ವಾದ. ನಾನು ಬೈದೆ, ಕಣ್ಣೀರಿಟ್ಟೆ, ಅವಳ ಮಗಳು ಪುಟ್ಟಿಯನ್ನು ಮುಂದೆ ತಂದು ನಿಲ್ಲಿಸಿದೆ. ಯಾವುದೂ ನಾಟಲಿಲ್ಲ. ಆಸ್ಪತ್ರೆಯವರು ಒಂದು ದಿನ ಗೊತ್ತು ಮಾಡಿಟ್ಟುಕೊಂಡು, ಹೂಂ ಅಥವಾ ಊಹೂಂ ಇಷ್ಟರೊಳಗೆ ಹೇಳಿ, ಇಲ್ಲದಿದ್ದರೆ ಆ ದಿನವನ್ನು ಬೇರೆ ರೋಗಿಗೆ ಕೊಡುತ್ತೇವೆ, ಮುಂದಿನದು ಯಾವಾಗಲೋ ಎಂದು ಹೇಳಿಯಾಗಿತ್ತು. ಆಗ ತಂಗಿ ಈ ಕೆರೆಯ ವಿಷಯ ತೆಗೆದಳು.

"ಎಲ್ರೂ ಸೇರಿ ಹೋಗ್ಬರೋಣ ಅಕ್ಕ. ವಾಪಸ್ ಬರೋವಾಗ ನಾನೇ ಹೇಳ್ತೀನಿ, ಹೂಂ ಅಂತಲೋ ಊಹೂಂ ಅಂತಲೋ. ಅಲ್ಲೀವರೆಗೂ ಯಾರೂ ಆ ಮಾತು ಎತ್ತಬಾರ್ದು."

ಒಪ್ಪಿಕೊಂಡೆ. ನನ್ನ ಬಾಯಿಗೆ ಬೀಗ ಹಾಕಿಕೊಳ್ಳುವುದು ಎಷ್ಟು ಕಷ್ಟ ಎಂಬುದು ನನ್ನ ವ್ಯಾನಿನ ಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ. ಆದರೂ ಒಪ್ಪಿಕೊಂಡೆ.

ಹೊರಟದ್ದು ಬೆಳಗ್ಗೆಯೇ. ಆದರೆ ಸೂರ್ಯ ನಮಗಿಂತ ಮೊದಲು ಎದ್ದಿದ್ದ. ಹಿಂದಿನ ಸೀಟುಗಳನ್ನು ಬಿಚ್ಚಿ ಜಾಗ ಮಾಡಿದ್ದೆ. ಬಿಚ್ಚುವಾಗ ಅವುಗಳಡಿಯಿಂದ ಮಕ್ಕಳು ಅಂಟಿಸಿದ್ದ ಚೂಯಿಂಗ್ ಗಮ್ಮು, ಪೆನ್ಸಿಲ್ ತುಂಡು, ಒಂದು ಕಾಲಿನ ಸಾಕ್ಸು ಎಲ್ಲ ಸಿಕ್ಕಿ ಅಷ್ಟೊತ್ತಿಗೇ ನನ್ನ ಪಿತ್ತ ನೆತ್ತಿಗೇರಿತ್ತು. ತಂಗಿಯ ಮನೆ ಎರಡನೇ ಮಹಡಿ. ಅವಳು ಕೆಳಗೆ ವ್ಯಾನಿನ ಹತ್ತಿರ ನಿಂತು ಸಾಮಾನು ಜೋಡಿಸುತ್ತಾ, ಮೇಲಿದ್ದ ಗಂಡನಿಗೆ ಏನೇನು ತರಬೇಕೆಂದು ಕೂಗಿ ಹೇಳುತ್ತಿದ್ದಳು. ನಾನು ಇಂಜಿನ್ ಶುರು ಮಾಡಿ ಹಾರ್ನ್ ಹೊಡೆಯುತ್ತಿದ್ದೆ. ಅಮ್ಮ ಮುಂದಿನ ಸೀಟಿನಲ್ಲಿ ಪೇಪರು ಮಡಿಸಿ ಬೀಸಿಕೊಳ್ಳುತ್ತಾ, ಯಾಕೆ ಇಷ್ಟು ಗಲಾಟೆ ಮಾಡುತ್ತೀರಿ ಎಂದು ಗದರಿದಳು. ಅವಳಿಗೆ ಗಲಾಟೆ ಕೇಳಿಸಿದ್ದೇ ಆಶ್ಚರ್ಯ. ಕಿವಿಯ ಮಿಷಿನ್ನು ಬೆವರಿಗೆ ತುರಿಸುತ್ತದೆ ಎಂದು ಅದನ್ನು ಕಿತ್ತು ಪರ್ಸಿನೊಳಗೆ ಇಟ್ಟುಕೊಂಡಿದ್ದಳು.

ದಾರಿಯ ಕಥೆ ಹೇಳಿದರೆ ನಿಮಗೂ ಬೆವರು ಬರುತ್ತದೆ. ಸೀಟಿನ ರೆಕ್ಸಿನ್ನು ತೊಡೆಗೆ ಅಂಟಿಕೊಳ್ಳುತ್ತಿತ್ತು. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಉಸಿರಿಲ್ಲ. ಪುಟ್ಟಿ ಕೆರೆ ಬಂತಾ, ಕೆರೆ ಬಂತಾ ಎಂದು ಕೇಳಿ ಕೇಳಿ ನನ್ನ ಪ್ರಾಣ ಹಿಂಡಿದಳು. ತಂಗಿಯ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವವನು. ಯಾವ ಕೆಲಸವನ್ನೂ ಅವಸರದಲ್ಲಿ ಮಾಡಿದವನಲ್ಲ, ನಮ್ಮ ಮನೆಯಲ್ಲಿ ಅವನ ಹೆಸರೇ ನಿಧಾನಿ. ಅವನು ಕಲ್ಲಂಗಡಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಮಗುವಿನ ಹಾಗೆ ಹಿಡಿದುಕೊಂಡಿದ್ದ.

ತಂಗಿ ನನ್ನ ಬೆನ್ನ ಹಿಂದೆಯೇ ಕೂತು ಒಂದೇ ಸಮ ಮಾತಾಡುತ್ತಿದ್ದಳು. ಒಡಕು ಧ್ವನಿ, ಗೊರಗೊರ ಸದ್ದು. ಆದರೂ ನಿಲ್ಲಿಸುತ್ತಿರಲಿಲ್ಲ. ನಿಲ್ದಾಣದಲ್ಲಿ ಹೊಸ ಮೈಕು ತಂದಿದ್ದಾರಂತೆ, ದರಿದ್ರದ್ದು, ಅರ್ಧ ಮಾತು ನುಂಗುತ್ತದಂತೆ. ಜನ ಕಿಟಕಿಗೆ ಬಂದು ಏನಂದ್ರಿ ಏನಂದ್ರಿ ಎಂದು ಕೇಳುತ್ತಾರಂತೆ. ಜೊತೆಯವಳು ಪಾಪ, ಮೈಕು ಕೆಟ್ಟಿದೆ ನೀವು ಬಿಡಿ ಎಂದು ತಾನೇ ಎಷ್ಟೋ ಸಲ ಹೇಳಿಬಿಡುತ್ತಾಳಂತೆ. ಮೈಕು ತಂದವನನ್ನು ನಾನೂ ಒಂದಿಷ್ಟು ಬೈದೆ.

ಕೆರೆ ಮುಟ್ಟಿದಾಗ ನೆತ್ತಿಯ ಮೇಲೆ ಬಿಸಿಲು. ನೀರು ದಂಡೆಯಿಂದ ಎಷ್ಟೋ ದೂರ ಹಿಂದೆ ಸರಿದು, ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಇದ್ದ ಮರಗಳಲ್ಲಿ ಎಲೆ ಕಡಿಮೆ, ನೆರಳು ಅದಕ್ಕಿಂತ ಕಡಿಮೆ. ಚಪ್ಪಲಿ ಬಿಟ್ಟ ಪುಟ್ಟಿ ಕಾದ ಕಲ್ಲಿನ ಮೇಲೆ ಕುಣಿಯುತ್ತಾ ವಾಪಸ್ ಓಡಿ ಬಂದಳು. ಎರಡು ಮರ ನೋಡಿ ಜಾಗ ಆರಿಸಿ, ಕಲ್ಲು ಆಯ್ದು ನೆಲ ಗುಡಿಸಿ, ಡೇರೆಯ ಚೀಲ ಬಿಚ್ಚಿದೆವು. ಬಟ್ಟೆ ಇತ್ತು, ಗೂಟ ಇತ್ತು, ಹಗ್ಗ ಇತ್ತು. ಡೇರೆಯನ್ನು ಎತ್ತಿ ನಿಲ್ಲಿಸುವ ಮಡಚುವ ಕಡ್ಡಿಗಳಿರಲಿಲ್ಲ.

ಕಡ್ಡಿ ಎಲ್ಲಿ ಎಂದು ತಂಗಿ ಕೇಳಿದಳು. ಇದೆಯಲ್ಲ ಎಂದು ನಿಧಾನಿ ತನ್ನ ಚೀಲಕ್ಕೆ ಕೈ ಹಾಕಿ ಬೆಂಕಿಪೆಟ್ಟಿಗೆಗಳ ಒಂದು ಇಡೀ ಕಟ್ಟನ್ನು ತೆಗೆದು ಹೆಮ್ಮೆಯಿಂದ ನಮ್ಮ ಮುಂದೆ ಹಿಡಿದ.

ತಂಗಿ ನಗಲು ಶುರು ಮಾಡಿದಳು ನೋಡಿ, ಹೊಟ್ಟೆ ಹಿಡಿದುಕೊಂಡು ಆ ಬಿಸಿ ನೆಲದ ಮೇಲೇ ಕುಕ್ಕರಿಸಿದಳು. ಊರಿಗೆಲ್ಲ ಬೆಂಕಿ ಇಡೋಕೆ ಹೊರಟಿದ್ದೀರಾ ಎಂದು ನಾನು ಕೇಳಿದೆ. ಅಮ್ಮನಿಗೆ ವಿಷಯ ಮುಟ್ಟಿಸಲು ಪುಟ್ಟಿ ಕಡ್ಡಿ ಗೀರುವ ಅಭಿನಯ ಮಾಡಿದಳು. ಅಮ್ಮ, ಅಷ್ಟಾದರೂ ತಂದನಲ್ಲ, ಒಲೆ ಹಚ್ಚೋಕಾಯ್ತು ಎಂದು ಅಳಿಯನ ಪಕ್ಷ ವಹಿಸಿದಳು. ಅವನು ಮುಖ ಹುಳ್ಳಗೆ ಮಾಡಿಕೊಂಡು, ಕಡ್ಡಿ ಅಂದರೆ ಇದೇ ಎಂದುಕೊಂಡೆ ಎಂದ. ನನಗೆ ಸಿಟ್ಟೂ ಬಂತು, ನಗುವೂ ಬಂತು. ಕೊನೆಗೆ ಹಗ್ಗವನ್ನು ಮರದಿಂದ ವ್ಯಾನಿಗೆ ಬಿಗಿದು, ಡೇರೆಯ ಬಟ್ಟೆಯನ್ನು ಅದರ ಮೇಲೆ ಒಗೆದ ಬಟ್ಟೆ ಹರವಿದ ಹಾಗೆ ಹರವಿ, ನಾಲ್ಕು ಮೂಲೆಗೂ ಕಲ್ಲು ಹೇರಿದೆವು. ಒಳಗೆ ಹೋಗಬೇಕಾದರೆ ಅಂಬೆಗಾಲಿಡಬೇಕು. ಅಮ್ಮ ಅಂಬೆಗಾಲಿಟ್ಟು ಒಳಗೆ ಹೋದದ್ದನ್ನು ನೋಡಿ ತಂಗಿ ಮತ್ತೆ ಬಿದ್ದು ಬಿದ್ದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತೋ. ಹಾಳಾದ ಡೇರೆ ನೆಟ್ಟಗೆ ನಿಲ್ಲದೆ ಇದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು ನನಗೆ.

ಸಂಜೆಯ ಹೊತ್ತಿಗೆ ತಂದ ನೀರು ಮುಗಿಯಿತು. ರಸ್ತೆಯ ಪಕ್ಕದ ಕೈಪಂಪಿಗೆ ನಾನೂ ನಿಧಾನಿಯೂ ಕ್ಯಾನು ಹಿಡಿದುಕೊಂಡು ನಡೆದೆವು. ಅವನು ಪಂಪು ಒತ್ತುತ್ತಿದ್ದ, ನಾನು ಕ್ಯಾನು ಹಿಡಿದಿದ್ದೆ. ಸುಮ್ಮನಿರಲಾರದೆ ಮತ್ತೆ ಕಡ್ಡಿಯ ವಿಷಯ ತೆಗೆದೆ. ಡೇರೆ ಕಡ್ಡಿ ಅಂತ ಅವಳು ಕೆಳಗಿನಿಂದ ಕೂಗಿ ಹೇಳಿದ ಮೇಲೂ ಬೆಂಕಿಕಡ್ಡಿ ತರುತ್ತಾರಾ, ಕನ್ನಡಕದ ಅಂಗಡಿಯವನಿಗೆ ಕಿವಿಗೂ ಏನಾದರೂ ಮಾಡಿಸಿಕೊಳ್ಳಬಾರದಾ ಎಂದು ಕಿಚಾಯಿಸಿದೆ.

ಅವನು ಪಂಪು ನಿಲ್ಲಿಸಿದ.

"ಡೇರೆ ಅಂದಿದ್ದು ಕೇಳಿಸ್ಲಿಲ್ಲ ಅಕ್ಕ. ಕಡ್ಡಿ ಮರೀಬೇಡಿ ಅಂದಿದ್ದಷ್ಟೇ ಕೇಳಿಸ್ತು. ಮೊದಲ್ನೇ ಮಾತು ಬರೋದೇ ಇಲ್ಲ ಈಗೀಗ."

ನಾನು ಇಂಜಿನ್ ಸದ್ದು, ಹಾರ್ನ್ ಸದ್ದು ಎಂದೆ. ಅಲ್ಲ ಎಂದು ಅವನು ತಲೆಯಾಡಿಸಿದ. ಆಮೇಲೆ ಪಂಪಿನ ಹಿಡಿಯನ್ನು ನೋಡುತ್ತಾ ಒಂದೊಂದಾಗಿ ಹೇಳಿದ. ಹತ್ತಿರ ಕೂತರೆ ಪರವಾಗಿಲ್ಲ. ಕೋಣೆಯಿಂದ ಕೋಣೆಗೆ ಅವಳ ಮಾತು ಮುಟ್ಟುವುದಿಲ್ಲ. ಅವಳಿಗೆ ಮಾತ್ರ ಅವಳ ತಲೆಯೊಳಗೆ ಪೂರ್ತಿ ಕೇಳಿಸುತ್ತಿರಬೇಕು, ಅದಕ್ಕೇ ಗೊತ್ತಾಗಿಲ್ಲ. ಅಡುಗೆಮನೆಯಿಂದ ಕರೆದಳೋ ಏನೋ ಎಂದು ಅವನು ಆಗಾಗ ಎದ್ದು ಹೋಗಿ ನೋಡಿ ಬರುತ್ತಾನಂತೆ. ಸುಮ್ಮನೆ ಹೋದರೆ ಅನುಮಾನ ಬರುತ್ತದೆಂದು ಕೈಯಲ್ಲಿ ಲೋಟ ಹಿಡಿದುಕೊಂಡು ನೀರು ಬೇಕಿತ್ತು ಅನ್ನುತ್ತಾನಂತೆ. ದಿನಕ್ಕೆ ಎಷ್ಟು ನೀರು ಕುಡೀತೀರಿ ಮಾರಾಯ್ರೇ ಎಂದು ಅವಳು ನಗುತ್ತಾಳಂತೆ. ಮೈಕಿಗೆ ಏನೂ ಆಗಿಲ್ಲ. ನಿಲ್ದಾಣದವರು ಅವಳ ಮನಸ್ಸು ನೋಯಬಾರದೆಂದು ಮೈಕಿನ ಮೇಲೆ ಹಾಕುತ್ತಿದ್ದಾರೆ, ಅಷ್ಟೇ.

"ಅವಳಿಗೆ ಹೇಳಿಲ್ವಾ ನೀವು?" ಎಂದು ಕೇಳಿದೆ.

"ಹೆಂಗ್ ಹೇಳ್ಲಿ? ಅದೊಂದು ಇದೆ ಅಂತ್ಲೇ ತಾನೇ ಅವಳು ಆಪರೇಷನ್ ಬೇಡ ಅಂತಿರೋದು."

ಕೈಯಲ್ಲಿದ್ದ ಕ್ಯಾನು ವಾಲಿ, ನೀರು ಚೆಲ್ಲಿ ನನ್ನ ಕಾಲು ನೆನೆಯುತ್ತಿತ್ತು. ಎಲ್ಲರ ಮುಂದೆ ಪೆದ್ದನಾಗಿ ನಿಂತು ನಗೆಗೀಡಾದನಲ್ಲ ಈ ಮನುಷ್ಯ ಅನ್ನಿಸಿತು. ಹೇಳಿಬಿಡೋಣ ಎಂದೂ ಅನ್ನಿಸಿತು. ಯಾವ ಧ್ವನಿಗಾಗಿ ಸಾಯಲು ಹೊರಟಿದ್ದೀಯೋ ಅದು ಆಗಲೇ ಹೋಗಿದೆ ಕಣೇ ಎಂದು ಒಂದು ಮಾತು ಅಂದರೆ ಸಾಕು, ಒಪ್ಪಿಕೊಂಡರೂ ಒಪ್ಪಿಕೊಂಡಾಳು. ಆದರೆ ಆ ಮಾತನ್ನು ಯಾವ ಬಾಯಲ್ಲಿ ಆಡುವುದು? ಊರವರಿಗೆಲ್ಲ ಬಾಯಿಗೆ ಬಂದ ಹಾಗೆ ಬೈಯುವ ನಾನು, ಕ್ಯಾನು ಹೊತ್ತುಕೊಂಡು ಬಾಯಿ ಮುಚ್ಚಿಕೊಂಡು ವಾಪಸ್ ಬಂದೆ.

ಮರುದಿನವೆಲ್ಲ ಕೆರೆಯಲ್ಲೇ ಕಳೆದೆವು. ಬೇರೆ ದಾರಿಯೂ ಇರಲಿಲ್ಲ, ಡೇರೆಯೊಳಗೆ ಕೂತರೆ ಬೆಂದುಹೋಗುತ್ತಿದ್ದೆವು. ಮೊಣಕಾಲುದ್ದ ನೀರಿನಲ್ಲಿ ಎಲ್ಲರೂ ಎಮ್ಮೆಗಳ ಹಾಗೆ ಬಿದ್ದುಕೊಂಡೆವು. ಅಮ್ಮನನ್ನು ಕುರ್ಚಿ ಸಮೇತ ನೀರಿಗೆ ಇಳಿಸಿದೆವು. ಕುರ್ಚಿಯ ಕಾಲು ಕೆಸರಿನಲ್ಲಿ ಹೂತು ಅವಳು ನಿಧಾನಕ್ಕೆ ಒಂದು ಪಕ್ಕಕ್ಕೆ ವಾಲುತ್ತಾ ವಾಲುತ್ತಾ ಮುಳುಗಿದಳು, ಪೇಪರು ಬೀಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಬ್ರೆಡ್ಡು ಬಿಸಿಲಿಗೆ ಹಪ್ಪಳವಾಗಿತ್ತು. ಮೊಟ್ಟೆ ಬೇಯಿಸಲು ಒಲೆಯೇ ಬೇಡವೇನೋ ಎಂದು ನಾನು ಗೊಣಗಿದ್ದನ್ನು ನಂಬಿ ಪುಟ್ಟಿ ಒಂದು ಮೊಟ್ಟೆಯನ್ನು ಕಲ್ಲಿನ ಮೇಲೆ ಒಡೆದು ಕಾಯುತ್ತಾ ಕೂತಳು. ನಮ್ಮೆಲ್ಲರ ಮೂಗು, ಭುಜ ಕೆಂಪಾಗಿ ಸುಲಿದವು. ಸುಸ್ತೆಂದರೆ ಸುಸ್ತು. ಆದರೂ ವಾಪಸ್ ಹೋಗೋಣ ಎಂದು ಒಬ್ಬರೂ ಅನ್ನಲಿಲ್ಲ.

ತಂಗಿ ಕಥೆ ಹೇಳಿದಳು, ಹಾಡಿದಳು, ನಿಲ್ದಾಣದ ಸಾಹೇಬನ ಹಾಗೆ ಮಾತಾಡಿ ತೋರಿಸಿದಳು. ನಾನು ನಗುತ್ತಿದ್ದೆ. ಈಗ ಮಾತ್ರ ನನಗೆ ಕಾಣುತ್ತಿತ್ತು. ಅವಳು ಬಾಯಿ ತೆರೆದ ಕೂಡಲೇ ನಿಧಾನಿ ತಾನು ಕೂತಿದ್ದಲ್ಲಿಂದ ಜರುಗಿ ಅವಳ ಪಕ್ಕಕ್ಕೆ ಬರುತ್ತಿದ್ದ, ಪುಟ್ಟಿಯನ್ನೂ ಎಳೆದುಕೊಳ್ಳುತ್ತಿದ್ದ. ನಾನೂ ಹತ್ತಿರ ಜರುಗಿದೆ. ಇಷ್ಟು ದೊಡ್ಡ ಕೆರೆಯಲ್ಲಿ ಎಲ್ಲ ಬಂದು ನನ್ನ ಮೈಮೇಲೇ ಬೀಳ್ತೀರಲ್ಲ ಎಂದು ಅವಳು ರೇಗಿದಳು. ಅವಳ ಮಾತಿನ ಕೊನೆ ಬರೀ ಉಸಿರಾಗಿ ಹೋಗಿತ್ತು. ನಾನು ನೀರಿನಲ್ಲಿ ಮುಖ ಮುಳುಗಿಸಿ ಅತ್ತೆ. ಅಳುವುದಕ್ಕೆ ಅದೊಂದು ಅನುಕೂಲ ಇತ್ತು ಅಲ್ಲಿ.

ಹೊರಡುವ ದಿನ ಸಾಮಾನೆಲ್ಲ ವ್ಯಾನಿಗೆ ಹೇರಿಯಾಯಿತು. ಹಗ್ಗ ಬಿಚ್ಚಿ ಸುತ್ತುತ್ತಿದ್ದೆ. ಪುಟ್ಟಿ ಒಣಗಿದ ಕೆಸರು ದಾಟಿ ಆ ಕಡೆ ನೀರಂಚಿನಲ್ಲಿ ಚಿಪ್ಪು ಆಯುತ್ತಿದ್ದಳು. ದೂರವೇನಲ್ಲ, ಯಾರು ಕರೆದರೂ ಕೇಳಿಸುವಷ್ಟು. ತಂಗಿ ಒಂದು ಬಂಡೆಯ ಮೇಲೆ ಹತ್ತಿ, ಕೈ ಬಾಯಿಗೆ ಅಡ್ಡ ಹಿಡಿದು ಕರೆದಳು.

ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ನನಗೆ ಕೇಳಿಸಿದ್ದು ಗಾಳಿ ಹೋದ ಸದ್ದು.

ಪುಟ್ಟಿ ಒಮ್ಮೆ ತಲೆಯೆತ್ತಿ ತನ್ನ ಅಮ್ಮನನ್ನು ನೋಡಿದಳು. ಮತ್ತೆ ಬಗ್ಗಿ ಚಿಪ್ಪು ಹೆಕ್ಕಿದಳು. "ಕೊಬ್ಬು ನೋಡು ಅದಕ್ಕೆ" ಎಂದು ತಂಗಿ ನನ್ನ ಕಡೆ ತಿರುಗಿ ಅಂದಳು. ಅದು ನನಗೆ ಕೇಳಿಸಿತು. ಮತ್ತೆ ಕರೆದಳು. ಈ ಸಲ ಕತ್ತಿನ ನರಗಳೆಲ್ಲ ಉಬ್ಬಿಕೊಂಡವು, ಮುಖ ಕೆಂಪಗಾಯಿತು. ನಿಧಾನಿ ಕೈಯಲ್ಲಿದ್ದ ಚೀಲವನ್ನು ಅಲ್ಲೇ ಬಿಟ್ಟು ಪುಟ್ಟಿಯ ಕಡೆಗೆ ಓಡತೊಡಗಿದ. ಅವನು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವನು ಇನ್ನೂ ಅರ್ಧ ದಾರಿಯಲ್ಲಿರುವಾಗ ನನ್ನ ಬಾಯಿಂದ ತಾನಾಗಿಯೇ ಕೂಗು ಹೊರಟಿತು. ವರ್ಷವಿಡೀ ಮಕ್ಕಳನ್ನು ವ್ಯಾನಿಗೆ ಕರೆದು ಕರೆದು ಪಳಗಿದ ಗಂಟಲು ನನ್ನದು. ಪುಟ್ಟಿ ಕೂಡಲೇ ತಿರುಗಿ ಓಡಿ ಬಂದಳು.

ಅಮ್ಮ ಅಷ್ಟು ಸಲ ಕರೆದರೆ ಬರಬಾರದಾ ಎಂದು ನಾನು ಸುಮ್ಮನೆ ಗದರಿದೆ. ಮಗು ಕಣ್ಣು ಅರಳಿಸಿ ಅಮ್ಮನನ್ನು ನೋಡಿತು.

"ನೀನು ಕರೀಲೇ ಇಲ್ಲ. ಬರೀ ಬಾಯಿ ಹಿಂಗ್ ಹಿಂಗ್ ಮಾಡ್ತಿದ್ದೆ. ಆಟ ಆಡ್ತಿದೀಯ ಅಂದ್ಕೊಂಡೆ."

ತಂಗಿ ಬಂಡೆಯಿಂದ ಇಳಿಯಲಿಲ್ಲ. ಮಗಳನ್ನು ನೋಡಿದಳು, ನನ್ನನ್ನು ನೋಡಿದಳು, ಏದುಸಿರು ಬಿಡುತ್ತಾ ಬಂದು ನಿಂತ ಗಂಡನನ್ನು ನೋಡಿದಳು. ನಮ್ಮ ಮೂವರಲ್ಲಿ ಯಾರ ಮುಖಕ್ಕೂ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಯಾವಾಗ್ಲಿಂದ?" ಎಂದು ಅವನನ್ನು ಕೇಳಿದಳು.

ಅವನು ಚಪ್ಪಲಿಯಲ್ಲಿ ಮಣ್ಣು ಕೆದಕುತ್ತಾ ನಿಂತ. ಬಹಳ ದಿನ ಆಯ್ತು ಎಂದ. ಮೈಕು ಎಂದು ಅವಳು ಕೇಳಿದಳು. ಮೈಕು ಚೆನ್ನಾಗಿಯೇ ಇದೆ ಎಂದ. ಅವಳು ಬಂಡೆಯ ಮೇಲೆ ಕೂತು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಳು, ಆ ಅಳುವಿಗೂ ಸದ್ದಿರಲಿಲ್ಲ. ನಾನು ಹೋಗಿ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತೆ. ಬಿಸಿಲು ಸುಡುತ್ತಿತ್ತು. ವ್ಯಾನಿನಿಂದ ಅಮ್ಮ, ಹೊರಡೋದು ಯಾವಾಗ, ನಾನಿಲ್ಲಿ ಬೆಂದು ಹೋದೆ ಎಂದು ಕೂಗುತ್ತಿದ್ದಳು.

ದಾರಿಯಲ್ಲಿ ಪುಟ್ಟಿ ಏನೋ ತಪ್ಪು ಮಾಡಿದವಳ ಹಾಗೆ ತನ್ನ ಅಮ್ಮನ ಕಂಕುಳಲ್ಲಿ ಮುದುಡಿಕೊಂಡಿದ್ದಳು. ಗುಡ್ಡದ ತಿರುವು ಕಳೆದು ಫೋನಿಗೆ ಸಿಗ್ನಲ್ ಬಂದ ಕೂಡಲೇ ತಂಗಿ ಹಿಂದಿನಿಂದ ನನ್ನ ಭುಜ ತಟ್ಟಿದಳು. ಪಕ್ಕಕ್ಕೆ ಹಾಕಿ ನಿಲ್ಲಿಸಿದೆ. ಅವಳು ಮುಂದಕ್ಕೆ ಬಾಗಿ ನನ್ನ ಕಿವಿಯ ಹತ್ತಿರ ಹೇಳಿದಳು.

"ಆಸ್ಪತ್ರೆಗೆ ಫೋನ್ ಮಾಡು. ಬರ್ತೀನಿ ಅಂತ ಹೇಳು. ನೀನೇ ಮಾತಾಡು, ನನ್ನ ಮಾತು ಅವ್ರಿಗೆ ಕೇಳಿಸಲ್ಲ."

ಎಷ್ಟು ದಿನದಿಂದ ಕಾದಿದ್ದ ಮಾತು ಅದು. ಖುಷಿಯಾಗಬೇಕಿತ್ತು. ಆಗಲಿಲ್ಲ. ಫೋನು ಒತ್ತಿ, ಎಲ್ಲರಿಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿದೆ. ಆ ಕಡೆ ಒಬ್ಬ ಹುಡುಗಿ, ಮೆತ್ತನೆಯ ಮಾತಿನವಳು. ನನ್ನ ತಂಗಿ ಒಪ್ಪಿದ್ದಾಳೆ, ಆ ದಿನವನ್ನು ಬೇರೆ ಯಾರಿಗೂ ಕೊಡಬೇಡಿ ಎಂದೆ. ಬಹಳ ಸಂತೋಷ, ಆದರೆ ಇಂಥ ಆಪರೇಷನ್ನಿಗೆ ರೋಗಿಯೇ ಹೇಳಬೇಕು, ಮನೆಯವರು ಹೇಳಿದರೆ ನಡೆಯುವುದಿಲ್ಲ, ಫೋನು ಅವರಿಗೇ ಕೊಡಿ ಎಂದಳು ಅವಳು. ನನಗೆ ಮೈಯೆಲ್ಲ ಉರಿಯಿತು. ಅವಳಿಗೆ ಮಾತು ಬರುತ್ತಿದ್ದರೆ ನಿಮ್ಮ ಹತ್ತಿರ ಯಾಕಮ್ಮಾ ಬರುತ್ತಿದ್ದೆವು ಎಂದು ಏರುಧ್ವನಿಯಲ್ಲಿ ಶುರು ಮಾಡಿದೆ. ತಂಗಿ ಕೈ ಚಾಚಿ ಫೋನು ತೆಗೆದುಕೊಂಡಳು.

"ನಾನು ಒಪ್ಪಿದೀನಿ" ಎಂದಳು.

"ಹಲೋ? ಸ್ವಲ್ಪ ಜೋರಾಗಿ ಹೇಳಿ ಮೇಡಂ."

ಮತ್ತೆ ಹೇಳಿದಳು. ಪಕ್ಕದಲ್ಲಿ ಒಂದು ಲಾರಿ ಭರ್ರೆಂದು ಹೋಯಿತು.

"ಮೇಡಂ, ಏನೂ ಕೇಳಿಸ್ತಿಲ್ಲ. ಇನ್ನೊಂದ್ಸಲ ಹೇಳ್ತೀರಾ?"

ನಾನು ಇಂಜಿನ್ ಆರಿಸಿದೆ. ನಿಧಾನಿ ಎದ್ದು ಒಂದಾದ ಮೇಲೊಂದು ಕಿಟಕಿಯ ಗಾಜುಗಳನ್ನೆಲ್ಲ ಎಳೆದು ಮುಚ್ಚಿದ. ಪುಟ್ಟಿ ತನ್ನ ಬಾಯಿಯನ್ನು ಕೈಯಿಂದ ಒತ್ತಿ ಹಿಡಿದುಕೊಂಡಳು. ಅಮ್ಮನಿಗೆ ಏನೂ ಕೇಳಿಸಿರಲಿಲ್ಲ, ನಮ್ಮ ಮುಖಗಳನ್ನು ನೋಡಿ ಪೇಪರು ಬೀಸುವುದನ್ನು ನಿಲ್ಲಿಸಿದಳು. ಮುಚ್ಚಿದ ವ್ಯಾನಿನೊಳಗೆ ಉಸಿರು ಕಟ್ಟುವ ಕಾವು. ತಂಗಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಫೋನನ್ನು ತುಟಿಗೆ ತಾಗಿಸಿಕೊಂಡು, ಒಂದೊಂದೇ ಅಕ್ಷರವನ್ನು ಬಿಡಿಸಿ, ಇದ್ದಷ್ಟು ಧ್ವನಿಯನ್ನೆಲ್ಲ ಒಟ್ಟು ಮಾಡಿ ಹೇಳಿದಳು.

"ನಾನು. ಒಪ್ಪಿದೀನಿ."

"ಆಯ್ತು ಮೇಡಂ, ಈಗ ಕೇಳಿಸ್ತು" ಎಂದಳು ಆ ಹುಡುಗಿ. ಯಾವ ದಿನ, ಯಾವ ಬಾಗಿಲು, ಹೊಟ್ಟೆಗೆ ಏನೂ ತಿನ್ನದೆ ಬನ್ನಿ ಎಂದೆಲ್ಲ ಹೇಳಿ ಇಟ್ಟಳು. ನಾವು ಬೆವರಿನಲ್ಲಿ ತೊಯ್ದುಹೋಗಿದ್ದೆವು. ಕಿಟಕಿ ತೆರೆಯುವುದು ಎಷ್ಟೋ ಹೊತ್ತು ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ.